ತಿಪ್ಪಮ್ಮನ ಕೊಡ

ಹಿತ್ತಾಳೆ ಕೊಡದ ಮೇಲೆ ಹೆಸರು ಹೊಡೆಯುವವನು ಮೊದಲು ಅದರ ಹೊಟ್ಟೆಗೆ ಮರಳು ತುಂಬಬೇಕು. ಒದ್ದೆ ಮರಳನ್ನು ಕಂಠದವರೆಗೆ ದಟ್ಟವಾಗಿ ಜಡಿದು, ಬಾಯಿಗೆ ಬಟ್ಟೆ ಬಿಗಿದು, ಗೋಣಿಚೀಲದ ಸುರುಳಿಯ ಮೇಲೆ ಮಲಗಿಸಬೇಕು. ಹಾಗೆ ಮಾಡದೆ ಉಳಿ ಇಟ್ಟರೆ ಅಕ್ಷರ ಬೀಳುವ ಜಾಗದಲ್ಲಿ ತಗ್ಗು ಬೀಳುತ್ತದೆ, ಗಿರಾಕಿ ನಿಮ್ಮ ವಂಶದವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತಾನೆ. ಆಮೇಲೆ ಭುಜದ ಕೆಳಗೆ ತೆಳ್ಳಗೆ ಸುಣ್ಣ ಬಳಿದು, ಒಣಗಿದ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು ಬರೆದುಕೊಂಡು, ಆ ಗೆರೆಯ ಮೇಲೆ ಉಳಿಯಿಂದ ಚುಕ್ಕಿಗೆ ಚುಕ್ಕಿ ಒತ್ತಿ ಹೊಡೆಯುತ್ತಾ ಹೋಗಬೇಕು. ಪೆನ್ಸಿಲ್ಲು ತಪ್ಪಿದರೆ ಒರೆಸಬಹುದು. ಉಳಿ ತಪ್ಪಿದರೆ ಶಿವನೇ ಗತಿ.

ಎಪ್ಪತ್ತರ ದಶಕದಲ್ಲಿ ನಾನು ಚನ್ನಗಿರಿಯ ಒಂದು ಪಾತ್ರೆ ಅಂಗಡಿಯ ಜಗುಲಿಯಲ್ಲಿ ಕೂತು ಈ ಕೆಲಸ ಮಾಡುತ್ತಿದ್ದೆ. ಅಂಗಡಿ ಶೆಟ್ಟರದು, ಉಳಿ ಸುತ್ತಿಗೆ ನನ್ನವು. ಕೆಲಸ ಕಲಿಸಿದವರು ನನ್ನ ಸೋದರಮಾವ. ಅವರು ಹಾಕಿಕೊಟ್ಟ ಕಟ್ಟಳೆ ಒಂದೇ: ಬದುಕಿರುವವರ ಹೆಸರನ್ನು ಪಾತ್ರೆಯಿಂದ ಕೆರೆಯಬಾರದು. ಹಳೆಯ ಪಾತ್ರೆ ಕೊಂಡವರು ಬಂದು, ಮೊದಲಿದ್ದ ಹೆಸರು ತೆಗೆದು ನಮ್ಮದು ಹಾಕಿ ಎಂದರೆ, ಮಾವ ಹಳೆಯ ಹೆಸರನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದು ಹೊಡೆಯುತ್ತಿದ್ದರು. ಯಾಕೆ ಎಂದು ಕೇಳಿದರೆ, "ಹೊಡಿಯೋನ ಕೈಯಾಗೇ ಕೆರಿಯೋ ಅರ ಕೊಟ್ರೆ ಮನಸ್ಸು ಕೆಡ್ತೈತೆ," ಎಂದಷ್ಟೇ ಹೇಳುತ್ತಿದ್ದರು. ನನಗೆ ದೇವರಲ್ಲಿ ಇರುವುದಕ್ಕಿಂತ ಮಾವನ ಮಾತಿನಲ್ಲಿ ಭಯ ಹೆಚ್ಚು.

ಈ ಕಸುಬಿನ ಒಂದು ಮಜಾ ಎಂದರೆ ಹೆಸರು ಕೇಳಿದ ಕೂಡಲೇ ಊರಿನ ದಿಕ್ಕು ಗೊತ್ತಾಗುವುದು. ಥಾವರ್ಯಾ ನಾಯ್ಕ, ಸೋಮ್ಲೀಬಾಯಿ ಎಂದರೆ ನ್ಯಾಮತಿ ಕಡೆಯ ತಾಂಡಾದವರು. ಶನಿವಾರ ಹುಟ್ಟಿದವನು ಥಾವರ್ಯಾ, ಸೋಮವಾರ ಹುಟ್ಟಿದವಳು ಸೋಮ್ಲಿ ಎಂದು ಸೂರಗೊಂಡನಕೊಪ್ಪದ ಗಿರಾಕಿಯೊಬ್ಬ ನನಗೆ ಬಿಡಿಸಿ ಹೇಳಿದ್ದ. ಫಕೀರಪ್ಪ ಎಂದರೆ ಹಣೆ ತುಂಬ ವಿಭೂತಿ ಇರುವ ಮನೆಯವನೇ, ಆದರೆ ತಾಯಿ ದರ್ಗಾಕ್ಕೆ ಹರಕೆ ಹೊತ್ತು ಹೆತ್ತವನು. ಸಾಕಮ್ಮ ಎಂದು ಬರೆಸಿದರೆ ಆ ಮನೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದ್ದಾರೆ, ಇನ್ನು ಸಾಕು ಎಂದು ದೇವರಿಗೆ ಅರ್ಜಿ ಹಾಕಿದ್ದಾರೆ. ಇನ್ನು ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂದರೆ ಕಣ್ಣು ಮುಚ್ಚಿ ಜಗಳೂರು ಸೀಮೆ ಎನ್ನಬಹುದು. ಆ ಕಡೆ ಅದು ಮನೆದೇವರ ಹೆಸರು. ಜಗಳೂರಿನ ಒಂದು ಕುಟುಂಬ ಅಣ್ಣತಮ್ಮಂದಿರ ತಟ್ಟೆಗಳಿಗೆ ಹೆಸರು ಹಾಕಿಸಲು ಬಂದಾಗ ಎಲ್ಲರೂ ತಿಪ್ಪೇಸ್ವಾಮಿಗಳೇ ಆಗಿದ್ದರಿಂದ, ಯಾವ ತಟ್ಟೆ ಯಾರದು ಎಂದು ತಿಳಿಯಲು ಒಂದಕ್ಕೆ ಹೂವು, ಒಂದಕ್ಕೆ ಎಲೆ, ಒಂದಕ್ಕೆ ಮೀನು ಬಿಡಿಸಿ ಕೊಟ್ಟಿದ್ದೆ.

ಹೀಗಾಗಿ ಒಂದು ಮದುವೆ ಸುಗ್ಗಿಯಲ್ಲಿ ಕೆರೆಬಿಳಚಿಯ ಒಬ್ಬ ತಾಯಿ ಮಗಳ ಮದುವೆಗೆ ಪಾತ್ರೆ ಕೊಂಡು, "ತಿಪ್ಪಮ್ಮ ಅಂತ ಹೊಡೀರಿ ಆಚಾರ್ರೇ," ಎಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ತವರು ಜಗಳೂರು ಕಡೆ ಇರಬೇಕು ಅಂದುಕೊಂಡೆ. ಗಂಡನಿಲ್ಲದ ಹೆಂಗಸು, ಒಬ್ಬಳೇ ಮಗಳು. ಹಂಡೆ, ಕೊಡ, ತಂಬಿಗೆ, ಗಂಗಾಳ, ಆರತಿ ತಟ್ಟೆ, ಎಲ್ಲವನ್ನೂ ಬೆರಳಿನಿಂದ ತಟ್ಟಿ ನಾದ ಕೇಳಿ ಆರಿಸಿದ್ದಳು. ಕಷ್ಟದ್ದನ್ನು ಮೊದಲು ಮುಗಿಸುವುದು ನನ್ನ ಅಭ್ಯಾಸ, ಕೊಡದಿಂದ ಶುರು ಮಾಡಿದೆ. ತಿಪ್ಪಮ್ಮ ಎಂಬುದು ಉಳಿಗೆ ಒಗ್ಗುವ ಹೆಸರಲ್ಲ. ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಕೊಡದ ಹೊಟ್ಟೆ ಕೆಳಗೆ ಹೋದಂತೆ ಉಬ್ಬುವುದರಿಂದ ಒತ್ತಕ್ಷರ ಜಾರುತ್ತದೆ. ಉಸಿರು ಹಿಡಿದು ಹೊಡೆದೆ. ಸುಣ್ಣ ತೊಳೆದು, ಹುಣಸೆಹಣ್ಣಿನಲ್ಲಿ ಉಜ್ಜಿ, ಅಕ್ಷರಕ್ಕೆ ಮಸಿ ತುಂಬಿ ಬಿಸಿಲಿಗೆ ಇಟ್ಟಾಗ ನನ್ನ ಕೈಗೆ ನಾನೇ ಶಹಬ್ಬಾಸ್ ಎಂದುಕೊಂಡೆ.

ಅದೇ ಹೊತ್ತಿಗೆ ಗಂಡಿನ ತಂದೆ, ಹೊನ್ನಾಳಿಯ ಬೀಗರು, ಬಂದರು. ಅಡಿಕೆ ವ್ಯಾಪಾರಸ್ಥರು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಕಿರ್ರೆನ್ನುವ ಹೊಸ ಚಪ್ಪಲಿ. ಸೊಸೆಗೆ ಕೊಡುವ ಪಾತ್ರೆ ಎಂಥವೆಂದು ನೋಡಲು ದಾರಿಯಲ್ಲಿ ಇಳಿದಿದ್ದರು. ಬಿಸಿಲಲ್ಲಿ ಫಳಫಳ ಹೊಳೆಯುತ್ತಿದ್ದ ಕೊಡದ ಮುಂದೆ ಬಗ್ಗಿ, ಶಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಓದಿದರು.

"ತಿ... ಪ್ಪ... ಮ್ಮ. ಯಾರಯ್ಯಾ ಇದು?"

"ನಿಮ್ಮ ಸೊಸೇನೇ ಸಾವ್ಕಾರ್ರೇ."

ಅವರು ನೆಟ್ಟಗೆ ನಿಂತರು. ಹೆಣ್ಣು ನೋಡಲು ಹೋದಾಗ ಮನೆಯವರೆಲ್ಲ ಹುಡುಗಿಯನ್ನು ಅಮ್ಮಯ್ಯ, ಅಮ್ಮಯ್ಯ ಎಂದೇ ಕರೆದಿದ್ದರಂತೆ. ಜಾತಕದಲ್ಲಿ ಬೇರೆ ಏನೋ ಅಕ್ಷರ. ಅಸಲು ಹೆಸರು ಅವರ ಕಿವಿಗೆ ಬಿದ್ದಿರಲೇ ಇಲ್ಲ.

"ಸಂಜೀಗೆ ದೀಪ ಹಚ್ಚೋ ಸೊಸೀನ ತಿಪ್ಪಿ ಅಂತ ಕೂಗಾಕೆ ಬಾಯಿ ಬರ್ತೈತೇನಯ್ಯಾ? ಹೊನ್ನಾಳಿ ಪ್ಯಾಟೆಯಾಗೆ ನಾನು ತಲೆ ಎತ್ತಿ ಓಡಾಡೋದು ಹೆಂಗೆ? ಕೆರ್ದು ಹಾಕು ಅದನ್ನ. ಒಳ್ಳೇದು ಯಾವ್ದಾರ ಒಂದು ಹೆಸರು ಹೊಡಿ."

"ಕೆರಿಯಾಕಾಗಲ್ಲ."

"ಯಾಕಾಗಲ್ಲ?"

"ಬದುಕಿರೋ ಹುಡುಗಿ ಹೆಸರು. ನಾನು ಕೆರಿಯಲ್ಲ."

ನನ್ನ ದನಿ ಸ್ವಲ್ಪ ಜೋರಾಗಿಯೇ ಬಂದಿತು. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಕೋಪ. ಶೆಟ್ಟರು ಗಲ್ಲಾದಿಂದ ಎದ್ದು ಬಂದು, ಆಚಾರಿ ಮಾಡದಿದ್ದರೆ ಬೇರೆಯವರ ಕೈಯಲ್ಲಿ ಮಾಡಿಸಿ ಕೊಡುತ್ತೇನೆ ಎಂದು ಬೀಗರಿಗೆ ಸಮಾಧಾನ ಹೇಳಿದರು, ನನ್ನ ಕಡೆ ಕಣ್ಣು ಬಿಟ್ಟರು. ಬೀಗರು ಕೊನೆಗೆ ಹೇಳಿದ್ದು ಇಷ್ಟು: ಲಗ್ನಪತ್ರಿಕೆ ಅಚ್ಚಿಗೆ ಹೋಗುವುದರೊಳಗೆ ಹೆಸರು ಬದಲಾಗಬೇಕು, ಇಲ್ಲದಿದ್ದರೆ ಈ ಸಂಬಂಧ ಇಲ್ಲಿಗೇ ನಿಂತಿತು ಎಂದು ತಿಳಿಯಬೇಕು.

ನನಗೆ ಆಗ ಜಗಳೂರು ನೆನಪಾಯಿತು. "ಸಾವ್ಕಾರ್ರೇ, ಸುಮ್ನೆ ಬೇಜಾರು ಮಾಡ್ಕೊಂಡ್ರಿ. ಅದು ತಿಪ್ಪೆ ಅಲ್ಲ, ದೇವರ ಹೆಸರು. ಜಗಳೂರಿಗೆ ಹೋಗಿ ತಿಪ್ಪಮ್ಮ ಅಂತ ಕೂಗಿ ನೋಡ್ರಿ, ಅರ್ಧ ಊರು ಎದ್ದು ಬರ್ತೈತೆ," ಎಂದೆ. ಬೀಗರ ಮುಖದ ಗಂಟು ಸಡಿಲವಾಯಿತು. ದೇವರ ಹೆಸರಾದರೆ ಅಡ್ಡಿಯಿಲ್ಲ, ಪತ್ರಿಕೆಯಲ್ಲಿ 'ತಿಪ್ಪಾಂಬಿಕೆ' ಎಂದು ಹಾಕಿಸಿದರಾಯಿತು ಎಂದರು. ನಾನು ದೊಡ್ಡ ಪಂಚಾಯ್ತಿ ಬಗೆಹರಿಸಿದವನಂತೆ ಎದೆಯುಬ್ಬಿಸಿ ಕೂತೆ.

ಸಂತೆಯ ದಿನ ತಾಯಿ ಬಂದಳು, ಜೊತೆಗೆ ಮಗಳೂ ಇದ್ದಳು. ನಡೆದದ್ದನ್ನೆಲ್ಲ ಹೇಳಿ, "ಬೀಗರು ಕೇಳಿದ್ರೆ ದೇವರ ಹೆಸರು ಅಂದುಬಿಡವ್ವಾ, ಮುಗೀತು," ಎಂದೆ. ಅವಳು ಜಗುಲಿಯ ಅಂಚಿನಲ್ಲಿ ಕುಸಿದಂತೆ ಕೂತಳು.

"ದೇವರ ಹೆಸರಲ್ಲ ಆಚಾರ್ರೇ. ತಿಪ್ಪೇದೇ."

ಆಮೇಲೆ ಅವಳು ಹೇಳಿದ್ದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಡೆದದ್ದೇ. ಇವಳಿಗಿಂತ ಮೊದಲು ಹುಟ್ಟಿದವು ಒಂದೂ ಉಳಿಯಲಿಲ್ಲ. ಒಂದಕ್ಕಿಂತ ಒಂದಕ್ಕೆ ಚಂದದ ಹೆಸರು ಇಟ್ಟಿದ್ದಳು. ಇವಳು ಹುಟ್ಟಿದ ಕೂಡಲೇ ಹಿರಿಯರು ಹೇಳಿದ ಹಾಗೆ ಕೂಸನ್ನು ಮೊರದಲ್ಲಿ ಮಲಗಿಸಿ ಊರ ತಿಪ್ಪೆಯ ಮೇಲೆ ಇಟ್ಟು, ಬೇಡದ ಕೂಸು ಎಂಬಂತೆ ಹಿಂದೆ ತಿರುಗಿ ನೋಡದೆ ಬಂದಳು. ಹಿಂದಿನ ಬೀದಿಯ ಪಿಂಜಾರ್ ದೊಡ್ಡಮ್ಮ, ಹತ್ತಿ ಹಿಂಜಿ ಹಾಸಿಗೆ ಮಾಡುವ ಮನೆಯಾಕೆ, ಅದನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತು, "ತಿಪ್ಪೇ ಮ್ಯಾಲೆ ಒಂದು ತಿಪ್ಪಮ್ಮ ಸಿಕ್ಕೈತೆ, ಕೊಳ್ತೀರೇನು?" ಎಂದು ಕೂಗಿದಳು. ತಾಯಿ ಒಂದು ಮೊರ ತೌಡು ಕೊಟ್ಟು ಸ್ವಂತ ಕೂಸನ್ನು ಕೊಂಡಳು. ಕೂಸು ಉಳಿಯಿತು. ತಿಪ್ಪೆಯ ಮೇಲೆ ಬಿದ್ದದ್ದು, ತೌಡಿಗೆ ಮಾರಿದ್ದು ಯಾರಿಗೆ ಬೇಕು ಎಂದು ಸಾವು ಮೂಗು ಮುರಿದು ಹೋಗಬೇಕು, ಅದು ಲೆಕ್ಕ.

"ಈಗ ದೇವರ ಹೆಸರು ಅಂತ ಮೆರೆಸಿದ್ರೆ ಏನಾಯ್ತು? ಬೆಲೆ ಬಂತು. ಬೆಲೆ ಬಂದಿದ್ದರ ಮ್ಯಾಲೆ ಕಣ್ಣು ಬೀಳ್ತೈತೆ," ಎಂದಳು ತಾಯಿ. "ಸಂಬಂಧ ಹೋದ್ರೆ ಇನ್ನೊಂದು ಬರ್ತೈತೆ. ಇವಳು ಹೋದ್ರೆ?"

ಎದೆಯುಬ್ಬಿಸಿ ಕೂತಿದ್ದವನ ಗಾಳಿ ಪೂರ್ತಿ ಇಳಿಯಿತು. ನನಗೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಇದೆಲ್ಲ ಮೂಢನಂಬಿಕೆ ಎಂದು ಹೇಳುವಷ್ಟು ಗಟ್ಟಿಗ ನಾನಲ್ಲ, ಹೇಳಿದ್ದರೂ ಆ ತಾಯಿಯ ಮುಖದ ಮುಂದೆ ಆ ಮಾತು ನಿಲ್ಲುತ್ತಿರಲಿಲ್ಲ.

ತಾಯಿ ಅರಿಸಿನ ಕುಂಕುಮ ಕೊಳ್ಳಲು ಎದುರಿನ ಅಂಗಡಿಗೆ ಹೋದಾಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. ಅಲ್ಲಿಯವರೆಗೆ ಅವಳ ಹೆಸರಿನ ಬಗ್ಗೆ ಬೀಗರು, ಶೆಟ್ಟರು, ತಾಯಿ, ನಾನು, ಎಲ್ಲರೂ ಮಾತಾಡಿದ್ದೆವು. ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಅಣ್ಣಾ, ನಂಗೂ ಆ ಹೆಸರು ಬ್ಯಾಡ," ಎಂದಳು. ಕೊಡದ ಮೇಲಿನ ಅಕ್ಷರಗಳನ್ನು ನೋಡುತ್ತಿದ್ದಳು. "ಇಸ್ಕೂಲಾಗೆ ಗೊಬ್ಬರ ಗೊಬ್ಬರ ಅಂತಿದ್ರು. ಹಾಜರಿ ಕೂಗೋವಾಗ ಮೇಷ್ಟ್ರೂ ನಗೋರು. ಏಳನೇ ಕ್ಲಾಸಿಗೆ ಬಿಟ್ಟುಬಿಟ್ಟೆ. ಅವ್ವಂಗೆ ಹೊಟ್ಟೆನೋವು ಅಂತ ಹೇಳಿದ್ದೆ."

"ಏನು ಹೆಸರು ಬೇಕಿತ್ತವ್ವಾ ನಿಂಗೆ?"

ತಡವರಿಸಲಿಲ್ಲ. ಎಷ್ಟೋ ವರ್ಷದಿಂದ ಕಾಯ್ದುಕೊಂಡಿದ್ದಳು. "ಕಮಲ."

ಕಸುಬಿನ ಚಪಲ ನೋಡಿ, ನನಗೆ ಮೊದಲು ಹೊಳೆದದ್ದು ಅದೆಷ್ಟು ಸಲೀಸಾದ ಹೆಸರು ಎಂದು. ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಮೂರು ದುಂಡಗಿನ ಅಕ್ಷರ. "ಅವ್ವಂಗೂ ಒಪ್ಪಿಸಬೋದು ಅಣ್ಣಾ," ಎಂದಳು ಹುಡುಗಿ ಆಸೆಯಿಂದ, "ಅದೂ ಕೆಸರಾಗೇ ಹುಟ್ಟೋದಲ್ವಾ?"

ತಾಯಿ ವಾಪಸು ಬಂದಾಗ ನಾನೇ ಆ ಮಾತು ಎತ್ತಿದೆ. ಅವಳು ಕುಂಕುಮದ ಪೊಟ್ಟಣವನ್ನು ಸೆರಗಿಗೆ ಕಟ್ಟುತ್ತಾ ಕೇಳಿಸಿಕೊಂಡಳು. "ಹುಟ್ಟೋದು ಕೆಸರಾಗೆ ಸರಿ. ಚಂದ ಐತಂತ ಕೀಳದೇ ಇರ್ತಾರೇನ್ರಿ?" ಎಂದಳು. ಹುಡುಗಿ ಅಳಲಿಲ್ಲ, ತಾಯಿಯ ಕೈಯಿಂದ ಚೀಲ ತೆಗೆದುಕೊಂಡಳು.

ಅಷ್ಟರಲ್ಲಿ ಬೀಗರ ಚಪ್ಪಲಿ ಕಿರ್ರೆಂದಿತು. ಪತ್ರಿಕೆಯ ಅಚ್ಚಿಗೆ ಚನ್ನಗಿರಿಗೇ ಬಂದಿದ್ದರು, ತಿಪ್ಪಾಂಬಿಕೆ ಎಂಬುದರ ಕಾಗುಣಿತ ಕೇಳಲು ಅಂಗಡಿಗೆ ಬಂದರು. ತಾಯಿ ಸೆರಗು ಸರಿಮಾಡಿಕೊಂಡು ಎದ್ದು, ಅದು ದೇವರ ಹೆಸರಲ್ಲ ಬೀಗರೇ ಎಂದು ಎಲ್ಲವನ್ನೂ ಅವರ ಮುಖಕ್ಕೇ ಹೇಳಿಬಿಟ್ಟಳು. ಬೀಗರೂ ಕೆಟ್ಟವರಲ್ಲ. "ನಿಮ್ಮ ಸಂಕಟ ನಂಗೆ ತಿಳೀತೈತೆ ತಾಯೀ. ಆದ್ರೆ ನಾಳೆ ನಮ್ಮ ಹುಡುಗನ ಮಕ್ಕಳಿಗೆ ತಿಪ್ಪಮ್ಮನ ಮಕ್ಕಳು ಅಂತ ಜನ ಆಡಿಕೊಂಡ್ರೆ ನಾನೇನು ಹೇಳಲಿ?" ಎಂದರು.

ಇಬ್ಬರದೂ ಸುಳ್ಳಲ್ಲ, ಹುಡುಗಿಯದಂತೂ ಅಲ್ಲವೇ ಅಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ, ಯಾರ ಮೇಲೆ ಎಂದು ಗೊತ್ತಾಗದೆ ಬಂದ ಸಿಟ್ಟು. ಆ ಸಿಟ್ಟಿನಲ್ಲೇ ತಾಯಿಯನ್ನು ಕೇಳಿದೆ: "ಅಲ್ಲವ್ವಾ, ಈ ಹೆಸರು ಇಟ್ಟೋರು ನೀವೋ, ಆ ದೊಡ್ಡಮ್ಮನೋ?"

"ಆಕೇನೇ. ನಾನು ಕೊಂಡಿದ್ದಷ್ಟೇ."

"ಹಂಗಾದ್ರೆ ನಾವು ನಾಲ್ಕು ಜನ ಇಲ್ಲಿ ಯಾಕೆ ಕಿತ್ತಾಡ್ತಿದೀವಿ? ಮಾಲು ಯಾರದೋ ಅವರನ್ನ ಕೇಳೋಣ."

ಸುಗ್ಗಿಯ ದಿನ ಉಳಿ ಬಿಟ್ಟು ಎದ್ದದ್ದು ನಾನು ಆ ಅಂಗಡಿಯಲ್ಲಿ ಅದೇ ಮೊದಲು. ಕೊಡದಲ್ಲಿ ಇನ್ನೂ ಉಳಿದಿದ್ದ ಮರಳು ಸುರಿದು, ತೊಳೆದು, ಹೆಗಲ ಮೇಲೆ ಇಟ್ಟುಕೊಂಡೆ. ಹೋಗುವುದಾದರೆ ಹೋಗು, ಬರುವಾಗ ನಿನ್ನ ಜಾಗದಲ್ಲಿ ಬೇರೆಯವನು ಕೂತಿರುತ್ತಾನೆ ಎಂದು ಶೆಟ್ಟರು ಹಿಂದಿನಿಂದ ಕೂಗಿದರು. ಬೀಗರು ಬಾಯಲ್ಲಿ ಏನೋ ಗೊಣಗಿದರೂ ಬಸ್ಸು ಹತ್ತಿದರು.

ಕೆರೆಬಿಳಚಿ ಕಡೆಯ ಬಸ್ಸು ಸಂತೆಯ ಜನರಿಂದ ಗಿಜಿಗುಡುತ್ತಿತ್ತು. ತಾಯಿ ಮಗಳು ಮುಂದೆ, ಬೀಗರು ನನ್ನ ಪಕ್ಕ, ಕೊಡ ನನ್ನ ತೊಡೆಯ ಮೇಲೆ. ಕಂಡಕ್ಟರು ಬಂದವನೇ ಕೊಡದ ಮೇಲಿನ ಅಕ್ಷರ ಓದಿದ.

"ಈ ತಿಪ್ಪಮ್ಮ ಯಾರ ಕಡೆಯೋಳ್ರೀ? ತೊಡೆ ಮ್ಯಾಲೆ ಕೂತ್ರೂ ಟಿಕೆಟ್ ತಗೋಬೇಕು. ಅರ್ಧ ಟಿಕೆಟ್ಟಾದ್ರೂ ತಗೊಳ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ಸೀಟಿನಲ್ಲಿ ಹುಡುಗಿಯ ಕುತ್ತಿಗೆ ಬಗ್ಗಿದ್ದು ಕಂಡಿತು. ಆದರೆ ಕಂಡಕ್ಟರನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವನು ಹುಡುಗಿಯನ್ನು ಕರೆದಿರಲಿಲ್ಲ, ಕೊಡವನ್ನು ಕರೆದಿದ್ದ.

ಪಿಂಜಾರ್ ದೊಡ್ಡಮ್ಮನ ಮನೆಯ ನಡುಮನೆಯಲ್ಲಿ ಹತ್ತಿ ಹಿಂಜುವ ಬಿಲ್ಲು ತೂಗುಬಿದ್ದಿತ್ತು. ಮುದುಕಿಯ ಹುಬ್ಬಿನ ಮೇಲೆಲ್ಲ ಹತ್ತಿಯ ನವಿರು. ಹುಡುಗಿಯನ್ನು ಕಂಡ ಕೂಡಲೇ, "ಬಾರೇ ನನ್ನ ತೌಡು," ಎಂದು ಗಲ್ಲ ಹಿಡಿದಳು. ನಾವು ನಾಲ್ವರೂ ಒಬ್ಬರ ಮೇಲೊಬ್ಬರು ಮಾತಾಡಿ ವಿಷಯ ಹೇಳಿದೆವು. ಅವಳು ಬೀಗರನ್ನು ಮೇಲಿಂದ ಕೆಳಗೆ ನೋಡಿದಳು, ಕೊಡವನ್ನು ನೋಡಿದಳು, ತಾಯಿಯನ್ನು ನೋಡಿದಳು.

"ಇದಕ್ಕೆ ಇಷ್ಟು ಜನ ಯಾಕೆ ಬಂದ್ರಿ? ಹೆಸರು ನಂದು. ಅವತ್ತು ಕೂಸು ಮಾರಿದೆ, ಹೆಸರೂ ಜೊತೆಗೆ ಹೋಯ್ತು. ಇವತ್ತು ಹೆಸರು ನಾನು ವಾಪಸ್ ಕೊಳ್ತೀನಿ, ಬರೀ ಹೆಸರು. ಕೂಸು ನಿಂದೇ," ಎಂದು ತಾಯಿಗೆ ಹೇಳಿದಳು.

"ಹೆಸರು ಹೆಂಗೆ ಕೊಳ್ತೀಯ ದೊಡ್ಡಮ್ಮ? ಅದು ಕೈಗೆ ಸಿಗಾಕೆ ಏನು ವಸ್ತುವಾ?" ಎಂದಳು ತಾಯಿ.

ಆಗ ನಾನು ಕೊಡವನ್ನು ನಡುವೆ ಇಟ್ಟೆ. "ಇಲ್ಲೈತಲ್ಲ. ನಾನು ಹೊಡೆದಿದೀನಿ. ಕೆರೆದ್ರೂ ಹೋಗಲ್ಲ," ಎಂದೆ. ಬಸ್ಸಿನಲ್ಲಿ ಕಂಡಕ್ಟರು ಕೇಳಿದ್ದನ್ನೂ ಹೇಳಿದೆ. ಮುದುಕಿ ತೊಡೆ ತಟ್ಟಿಕೊಂಡು ನಕ್ಕಳು. ಒಳಗೆ ಹೋಗಿ ಮೊರದ ತುಂಬ ತೌಡು ತಂದಳು. ಕೊಡುವ ಮೊದಲು ತಡೆದು ನಿಂತಳು.

"ಪದ್ಧತಿ ಪದ್ಧತೀನೇ. ನಾನು ತಿಪ್ಪೆ ಮ್ಯಾಲಿಂದ ಎತ್ತಿಕೋಬೇಕು. ಬ್ಯಾಡ ಅಂದೋರು ಇಡಬೇಕು." ಬೀಗರ ಕಡೆ ತಿರುಗಿದಳು. "ಬ್ಯಾಡ ಅಂದೋರು ನೀವೇ ಅಲ್ವೇನ್ರೀ ಸಾವ್ಕಾರ್ರೇ? ಎತ್ತಿಕೊಳ್ರಿ."

ಬೀಗರು ಹೊಸ ಚಪ್ಪಲಿ ನೋಡಿಕೊಂಡರು, ಪಂಚೆ ನೋಡಿಕೊಂಡರು, ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಕೊನೆಗೆ ಅವರು ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ, ಕೊಡವನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲ ತಿಪ್ಪೆ ಹತ್ತಿದರು. ಮೇಲಕ್ಕೆ ಹೋಗುವ ಹೊತ್ತಿಗೆ ಒಂದು ಕಾಲು ಮೊಣಕಾಲವರೆಗೆ ಹೂತುಹೋಯಿತು. ಕೊಡ ಮಾತ್ರ ಬಿಡಲಿಲ್ಲ. ಅದನ್ನು ಮೆತ್ತಗೆ ಕೂರಿಸಿ, ಮುದುಕಿ ಹೇಳಿದಂತೆ ಹಿಂದೆ ತಿರುಗಿ ನೋಡದೆ ಇಳಿದು ಬಂದರು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಹಿಂದೆ ತಿರುಗುವ ಹಾಗಿಲ್ಲವಲ್ಲ, ಅದನ್ನು ಎತ್ತಿಕೊಳ್ಳಲೂ ಆಗಲಿಲ್ಲ. ಆಗ ಹುಡುಗಿ ನಕ್ಕಳು. ಮಾವನಾಗುವವರ ಮುಂದೆ ಎಂಬುದನ್ನೂ ಮರೆತು, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಬಿದ್ದು ಬಿದ್ದು ನಕ್ಕಳು. ಬೀಗರಿಗೂ ತಡೆಯಲಾಗಲಿಲ್ಲ, ಒಂದು ಕಾಲಿನ ಚಪ್ಪಲಿಯಲ್ಲಿ ನಿಂತುಕೊಂಡೇ ನಕ್ಕರು.

ಮುದುಕಿ ತಿಪ್ಪೆಯಿಂದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಮೊರದ ತೌಡನ್ನು ತಾಯಿಯ ಮಡಿಲಿಗೆ ಸುರಿದಳು.

"ಇನ್ನು ತಿಪ್ಪಮ್ಮ ನಮ್ಮನೆ ಮಗಳು. ಯಾವನಾದ್ರೂ ತಿಪ್ಪಮ್ಮನ್ನ ಕೇಳಿಕೊಂಡು ಬಂದ್ರೆ ನಮ್ಮನೆ ತೋರ್ಸು. ಅವನಿಗೆ ಈ ಕೊಡದಾಗೇ ನೀರು ಕೊಟ್ಟು ಕಳಿಸ್ತೀನಿ. ನಿನ್ನ ಮಗಳಿಗೆ ಏನು ಬೇಕೋ ಅದು ಕರೀ."

ತಾಯಿ ಮಡಿಲಿನ ತೌಡನ್ನು ಹಿಡಿದುಕೊಂಡೇ ಅತ್ತಳು. ಆಮೇಲೆ ಮಗಳ ಕಡೆ ತಿರುಗಿ, ನಾಲಿಗೆಗೆ ಹೊಸದಾದ ಆ ಶಬ್ದವನ್ನು ಹೆದರಿ ಹೆದರಿ ಹೇಳಿದಳು. "ಕಮಲಾ." ಹುಡುಗಿ "ಓ" ಎಂದಳು.

ಚನ್ನಗಿರಿಗೆ ವಾಪಸು ಬಂದಾಗ ನನ್ನ ಜಾಗದಲ್ಲಿ ಯಾರೂ ಕೂತಿರಲಿಲ್ಲ. ಶೆಟ್ಟರಿಗೆ ಬೇರೆಯವನು ಸಿಕ್ಕಿರಲಿಲ್ಲವೋ, ಹುಡುಕಿರಲಿಲ್ಲವೋ ನಾನು ಕೇಳಲಿಲ್ಲ. ಬೀಗರು ಅದೇ ಅಳತೆಯ ಇನ್ನೊಂದು ಕೊಡ ತೆಗೆಸಿಕೊಟ್ಟರು. ಹಂಡೆಯಿಂದ ಆರತಿ ತಟ್ಟೆಯವರೆಗೆ ಎಲ್ಲದರ ಮೇಲೂ ಕಮಲ ಎಂದು ಹೊಡೆದೆ. ಅಷ್ಟು ಹಗುರ ಕೈಯಿಂದ ನಾನು ಯಾವ ಹೆಸರನ್ನೂ ಹೊಡೆದಿರಲಿಲ್ಲ. ಮದುವೆಗೂ ಹೋಗಿ ಹೊಟ್ಟೆ ತುಂಬ ಹೋಳಿಗೆ ಉಂಡು ಬಂದೆ.

ಆದರೆ ತಾಯಿಯ ಭಯ ಪೂರ್ತಿ ಹೋಗಿರಲಿಲ್ಲ. ಸಂತೆಗೆ ಬಂದಾಗಲೆಲ್ಲ ಜಗುಲಿಗೆ ಬಂದು, "ಹೊನ್ನಾಳಿಯಾಗೆ ಆರಾಮ್ ಇದಾಳಂತೆ," ಎಂದು ನನಗೆ ವರದಿ ಒಪ್ಪಿಸುವಳು, ನಾನೇ ಜವಾಬ್ದಾರಿ ಎನ್ನುವಂತೆ. ಮಗಳು ಚೊಚ್ಚಲ ಬಸುರಿಯಾದಾಗ ತಾಯಿಯ ಮುಖದಲ್ಲಿ ರಕ್ತವಿರಲಿಲ್ಲ. ನನಗೂ ಹಾಗೇ ಆಯಿತು ಎಂದು ಹೇಳಲು ನಾಚಿಕೆಯೇನಿಲ್ಲ. ಕೆಲವು ಸಂತೆಗಳು ಅವಳು ಕಾಣಿಸಲೇ ಇಲ್ಲ, ಪ್ರತಿ ಸಂತೆಯೂ ನಾನು ಉಳಿ ಹಿಡಿದುಕೊಂಡೇ ಬಸ್ಸಿಳಿಯುವವರ ಕಡೆ ನೋಡುತ್ತಿದ್ದೆ. ಕೊನೆಗೆ ಒಂದು ದಿನ ಬಂದಳು. ದೂರದಿಂದಲೇ ಕೈ ಎತ್ತಿ, "ಹೆಣ್ಣು! ತಾಯಿ ಮಗು ಇಬ್ಬರೂ ಗಟ್ಟಿ ಅದಾರೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಎಂಬತ್ತರ ದಶಕ ಬಂತು. ಸ್ಟೀಲು ಬಂತು, ಕರೆಂಟಿನ ಮಿಷನ್ನು ಬಂತು. ಸೊಳ್ಳೆಯ ಹಾಗೆ ಗುಂಯ್ ಎಂದು ಸದ್ದು ಮಾಡುತ್ತಾ ಅದು ಕಣ್ಣು ಮಿಟುಕಿಸುವುದರೊಳಗೆ ಹೆಸರು ಗೀಚುತ್ತದೆ. ನಾನೂ ಒಂದು ಕೊಂಡು, ಕಲಾಯಿ ಸಾಬರ ಜೊತೆ ಪಾಲಿಗೆ ಒಂದು ಪುಟ್ಟ ಮಳಿಗೆ ಹಿಡಿದೆ. ಅವರು ಬೆಸುಗೆ, ಕಲಾಯಿ, ನಾನು ಹೆಸರು.

ಅಲ್ಲಿಗೆ ಒಂದು ಮಧ್ಯಾಹ್ನ ಕಮಲ ಬಂದಳು. ಮೈ ತುಂಬಿಕೊಂಡಿದ್ದಳು, ಹಣೆಯಲ್ಲಿ ಅಗಲ ಕುಂಕುಮ, ತವರಿಗೆ ಬಂದವಳ ನಿರಾಳ. ಸೊಂಟದಲ್ಲಿ ಅದೇ ಕೊಡ.

"ದೊಡ್ಡಮ್ಮ ಕಳಿಸ್ಯಾಳಣ್ಣಾ. ತಿಪ್ಪಮ್ಮ ಸೋರ್ತಾಳಂತೆ, ಬೆಸುಗೆ ಹಾಕಿಸಿಕೊಂಡು ಬಾ ಅಂದ್ಲು."

ಎಷ್ಟು ವರ್ಷ ಹುಣಸೆಹಣ್ಣಿನಲ್ಲಿ ಬೆಳಗಿದ್ದರೋ, ಅಕ್ಷರಗಳ ಅಂಚು ಮೆತ್ತಗಾಗಿತ್ತು, ಆದರೂ ಒಂದು ಚುಕ್ಕಿಯೂ ಅಳಿಸಿರಲಿಲ್ಲ. ಮುದುಕಿ ಇನ್ನೂ ಗಟ್ಟಿಯಾಗಿದ್ದಾಳೆ, ಕಣ್ಣು ಮಂಜು ಅಷ್ಟೆ, ದಿನಾ ಬೆಳಿಗ್ಗೆ ಮೊದಲ ನೀರು ಈ ಕೊಡಕ್ಕೇ ತುಂಬುತ್ತಾಳೆ ಎಂದಳು ಕಮಲ. ಸಾಬರು ತಳಕ್ಕೆ ಬೆಸುಗೆ ಹಾಕುತ್ತಿರುವಾಗ ಅವಳು ಇನ್ನೊಂದು ಮಾತು ಸೇರಿಸಿದಳು.

"ಕೆಳಗೆ ದೊಡ್ಡಮ್ಮನ ಹೆಸರೂ ಹೊಡೀರಿ. ಇದು ಆಕೆ ಕೊಂಡಿದ್ದಲ್ವಾ."

"ಏನಮ್ಮಾ ಹೆಸರು?"

"ಅದೇ ನೋಡ್ರಿ! ಅವ್ವಂಗೂ ಗೊತ್ತಿರಲಿಲ್ಲ. ಊರೆಲ್ಲ ಪಿಂಜಾರ್ ದೊಡ್ಡಮ್ಮ ಅನ್ನೋದೇ. ಇವತ್ತು ನಾನೇ ಕೇಳಿದೆ. ಹಯಾತ್‌ಬಿ ಅಂತೆ."

ಮಿಷನ್ನು ಪಕ್ಕಕ್ಕಿಟ್ಟು ಹಳೆಯ ಉಳಿ ಹುಡುಕಿ ತೆಗೆದೆ. ಕೊಡಕ್ಕೆ ಮರಳು ತುಂಬಿದೆ, ಸುಣ್ಣ ಬಳಿದೆ, ಬರೆದುಕೊಂಡೆ. ಬರೆಯುತ್ತಾ ಬಾಯಲ್ಲಿ ಹಯಾತ್, ಹಯಾತ್ ಎಂದುಕೊಂಡೆ. ಎಲ್ಲೋ ಕೇಳಿದ ಶಬ್ದ.

ಕಲಾಯಿ ಸಾಬರು ತಿದಿ ಒತ್ತುತ್ತಲೇ ಹೇಳಿದರು: "ಹಯಾತ್ ಅಂದ್ರೆ ಜೀವ ಅಲ್ವಾ ಆಚಾರ್ರೇ. ಬದುಕು. ನಾನು ಹಯಾತ್ ಇರೋತನಕ ಅಂತ ಪತ್ರದಾಗೆಲ್ಲ ಬರೀತಾರಲ್ಲ, ಅದೇ."

ಕಮಲ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆ ಬೆಳಿಗ್ಗೆ ತಿಪ್ಪೆಯ ಮೇಲೆ ಕೂಸನ್ನು ಬಿಟ್ಟು, ಹಿಂದೆ ನೋಡದೆ ಬಂದು, ಬಾಗಿಲಲ್ಲಿ ಕಾಯುತ್ತಾ ನಿಂತಿದ್ದಿರಬಹುದಾದ ತಾಯಿಯ ಚಿತ್ರ ನಮ್ಮಿಬ್ಬರ ಕಣ್ಣಿಗೂ ಒಟ್ಟಿಗೇ ಕಟ್ಟಿರಬೇಕು. ನನ್ನ ಕಣ್ಣು ತುಂಬಿ ಪೆನ್ಸಿಲ್ ಗೆರೆ ಕಾಣದಾಯಿತು.

"ಹಂಗಾದ್ರೆ ಅವತ್ತು ನನ್ನನ್ನ ಎತ್ತಿಕೊಂಡಿದ್ದು..." ಎಂದವಳು ಮಾತು ಮುಗಿಸಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ನಕ್ಕಳು. "ಅವ್ವ ಇಷ್ಟು ವರ್ಷ ಸುಮ್ನೆ ಹೆದರಿದ್ಲಲ್ಲಣ್ಣಾ! ಬೇಗ ಹೊಡೀರಿ, ಹೋಗಿ ಹೇಳಬೇಕು."

ಬೇಗ ಹೊಡೆಯಲಿಲ್ಲ. ಚುಕ್ಕಿಗೆ ಚುಕ್ಕಿ ಒತ್ತಿ, ತಿಪ್ಪಮ್ಮನ ಕೆಳಗೆ ಹಯಾತ್‌ಬಿ ಎಂದು ನಿಧಾನವಾಗಿ ಹೊಡೆದೆ. ಮಸಿ ತುಂಬಿ ಕೊಟ್ಟಾಗ ಅವಳು ಎರಡು ಹೆಸರಿನ ಮೇಲೂ ಬೆರಳಾಡಿಸಿ, ಕೊಡವನ್ನು ಸೊಂಟಕ್ಕೇರಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಅಣ್ಣಾ, ಈ ಸಲ ಕಂಡಕ್ಟರ್ ಕೇಳಿದ್ರೆ ಕೊಡಕ್ಕೇ ಎರಡು ಟಿಕೆಟ್ ತಗೋತೀನಿ!"